ಏಳು ಪುಸ್ತಕಗಳ ಪಟ್ಟಿ

"ಆ ಚೀಲ ಇನ್ನೆಷ್ಟು ದಿನ ಬಾಗಿಲ ಹಿಂದೆ ಇರ್ಬೇಕು?" ಅತ್ತೆ ಕೇಳಿದರು. "ಬಿಚ್ಚು. ಬಟ್ಟೆ ನೆನೆಹಾಕು. ನೀರು ಒಂಬತ್ತಕ್ಕೆ ನಿಂತುಹೋಗತ್ತೆ."

ನೆಂಟರಲ್ಲಿ ಕೊನೆಯವರು ನಿನ್ನೆ ಸಂಜೆ ಹೊರಟಿದ್ದರು. ಅಂತ್ಯಕ್ರಿಯೆ ಮುಗಿದ ಮೇಲೆ ಇದು ಮೊದಲ ಮಾಮೂಲಿ ಬೆಳಗು. ಹಾಲು ಬಂತು. ಪಕ್ಕದ ಮನೆಯ ಮಿಕ್ಸಿ ಕೂಗಿತು. ಮೇಲಿನ ಮನೆಯ ಮಗು ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದು, ಕೊನೆಗೆ ಹೋಯಿತು. ಸೊಸೆಗೆ ಮಾತ್ರ ತಾನು ಹಲ್ಲುಜ್ಜಿದೆನೋ ಇಲ್ಲವೋ ನೆನಪಿರಲಿಲ್ಲ.

ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲ. ಕುತ್ತಿಗೆಗೆ ಬಿಗಿದ ಗಂಟು, ಗಂಟಿಗೆ ನಂಬರಿನ ಚೀಟಿ. ಅವಳು ಗಂಟು ಬಿಚ್ಚಲು ಹೋಗದೆ ಚೀಲವನ್ನೇ ಕತ್ತರಿಸಿದಳು.

ಗಂಡನ ಅಂಗಿ, ಬೆಲ್ಟು, ಗಡಿಯಾರ, ಕೆಲಸದ ನೀಲಿ ಪ್ಯಾಂಟು. ಪ್ಯಾಂಟಿನ ಜೇಬುಗಳನ್ನು ಯಾರೋ ಹೊರಗೆಳೆದು ನೋಡಿದ್ದರು. ನಾಲ್ಕೂ ನಾಯಿಯ ನಾಲಗೆಯಂತೆ ಹೊರಬಿದ್ದಿದ್ದವು. ಐದನೆಯದೊಂದಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಬಲಮಂಡಿಯ ಒಳಬದಿಗೆ, ಎರಡು ಬೆರಳಗಲದ ಜೇಬು. ಬಗ್ಗಿ ಕೆಲಸ ಮಾಡುವಾಗ ಕೈಗೆ ಸುಲಭ ಎಂದು ಗಂಡ ಹೇಳಿದ್ದಕ್ಕೆ ಅವಳೇ ಕೈಯಾರೆ ಹೊಲಿದಿದ್ದು.

ಅದರೊಳಗೆ ಏನೋ ಗಟ್ಟಿಯಾಗಿತ್ತು.

ತೆಗೆದಳು. ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ಉಕ್ಕಿನ ತೆಳು ಪಟ್ಟಿಗಳ ಕಟ್ಟು. ಯಂತ್ರದ ಎರಡು ಭಾಗಗಳ ನಡುವಿನ ಸಂದು ಅಳೆಯುವ ಗೇಜು. ತುದಿಯ ಉಂಗುರದಲ್ಲಿ ಹಿತ್ತಾಳೆ ಬಿಲ್ಲೆ: ಸ್ಟೋರ್ ೧೭. ಪಟ್ಟಿಗಳಲ್ಲಿ ಒಂದು ಅರ್ಧಕ್ಕೇ ಮುರಿದಿತ್ತು. ಮುರಿದ ಅಂಚು ಇನ್ನೂ ಹೊಳೆಯುತ್ತಿತ್ತು.

"ಏನದು?"

"ಸ್ಟೋರಿಂದು, ಅತ್ತೆ. ಗೇಜು."

"ಕಾರ್ಖಾನೆದಾ?" ಅತ್ತೆಯ ಮುಖ ಗಂಟಿಕ್ಕಿತು. "ಸುಮ್ಮನಿರು. ನನ್ನ ಮಗ ಕಾರ್ಖಾನೆ ಸಾಮಾನು ಮನೆಗೆ ತರೋನಲ್ಲ. ಅವತ್ತು ಸ್ಕ್ರೂಡ್ರೈವರ್ ಜೇಬಲ್ಲೇ ಉಳೀತು ಅಂತ ಬಸ್ಸಿಂದ ಇಳಿದು ವಾಪಸ್ ಹೋಗಿದ್ದ. ರಾತ್ರಿ ನಡ್ಕೊಂಡು ಬಂದ. ನಿನ್ನ ಹಾಗಿರೋರು ನಾಲ್ಕು ಜನ ಇದ್ರೆ ಬಸ್ ಕಂಪನಿ ಮುಚ್ಚಬೇಕಾಗತ್ತೆ ಅಂತ ಬೈದಿದ್ದೆ."

"ಹೌದು ಅತ್ತೆ. ಅವರು ತರೋರಲ್ಲ."

ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ಬೇರೆಯಾಗಿ ಕೇಳಿಸಿತು.

ಕಾರ್ಖಾನೆಯವರು ಐದು ದಿನಗಳಿಂದ ಒಂದೇ ಮಾತು ಹೇಳುತ್ತಿದ್ದರು: ಬುಧವಾರ ಮೊದಲ ಪಾಳಿ ಮುಗಿಸಿ ಎರಡೂವರೆಗೆ ಹೊರಟ, ಐದು ಗಂಟೆಗೆ ಹಿಂದಿನ ಗೇಟಿನಾಚೆ ಚರಂಡಿಯ ಚಪ್ಪಡಿಗೆ ತಲೆ ಬಡಿದುಕೊಂಡು ಬಿದ್ದಿದ್ದ. ನಡುವಿನ ಎರಡೂವರೆ ಗಂಟೆ ಎಲ್ಲಿದ್ದನೋ ದೇವರೇ ಬಲ್ಲ. ಠಾಣೆಯವರು ಆಸ್ಪತ್ರೆಯನ್ನು ಕೇಳಿ ಎಂದರು. ಆಸ್ಪತ್ರೆಯವರು ಠಾಣೆಯಲ್ಲಿ ವಿಚಾರಿಸಿ ಎಂದರು. ಇಬ್ಬರ ಬಾಗಿಲಿಗೂ ಅಲೆದು ಅವಳ ಚಪ್ಪಲಿಯ ಉಂಗುಟ ಕಿತ್ತುಬಂದಿತ್ತು.

ಸ್ಟೋರಿನ ಸಾಮಾನು ಜೇಬಿನಲ್ಲಿಟ್ಟುಕೊಂಡು ಅವನು ತಾನಾಗಿ ಗೇಟು ದಾಟಿದವನಲ್ಲ. ಹಾಗಾದರೆ ಯಾರೋ ದಾಟಿಸಿದ್ದರು.

ಫೋನು ಬಂತು. ಕಾರ್ಖಾನೆಯ ಮ್ಯಾನೇಜರು.

"ಮೇಡಂ, ಈ ಹೊತ್ತಲ್ಲಿ ಕೇಳಬಾರದು."

"ಕೇಳಿ."

"ನಾಳೆ ಹತ್ತಕ್ಕೆ ಇನ್‌ಸ್ಪೆಕ್ಟರ್ ಬರ್ತಾರೆ. ನಿಮ್ಮ ಚೆಕ್‌ಲಿಸ್ಟಿನ ಕೊನೇ ಹಾಳೆ ಎಲ್ಲೋ ಕಳೆದುಹೋಗಿದೆ. ಫೋಟೋ ತೆಗೆದು ಕಳಿಸಿದ್ರೆ ಸಾಕು. ನೀವು ಬರೋ ಕಷ್ಟ ತಗೋಬೇಡಿ."

"ಬರ್ತೀನಿ," ಎಂದಳು.

ಅವಳ ಕೆಲಸವೇ ಅದು. ಸರ್ಕಾರದ ಇನ್‌ಸ್ಪೆಕ್ಟರು ಕಾರ್ಖಾನೆಗೆ ಬಂದು ಗಾಯದ ರಿಜಿಸ್ಟರ್ ತೆರೆಸುವ ಮುಂಚೆ, ಮಾಲೀಕರನ್ನು ಅದಕ್ಕೆ ಸಿದ್ಧಮಾಡುವುದು. ಯಾರಿಗೆ ಎಲ್ಲಿ ಪೆಟ್ಟಾಯಿತು, ಎಷ್ಟು ದಿನ ಕೆಲಸ ತಪ್ಪಿತು, ಯಾವ ಯಂತ್ರ. ಯಾವ ಕಾಲಂ ತುಂಬಬೇಕು, ಎಲ್ಲಿ ಸಹಿ ಬೇಕು. ಐದು ತಿಂಗಳ ಹಿಂದೆ ಗಂಡನ ಕಾರ್ಖಾನೆಗೂ ಹೋಗಿ ಎರಡು ದಿನ ಪಾಠ ಹೇಳಿ, ಏಳು ಪುಸ್ತಕಗಳ ಪಟ್ಟಿ ಕೊಟ್ಟು, ಕೆಳಗೆ ತನ್ನ ಸಹಿ ಹಾಕಿ ಬಂದಿದ್ದಳು.

"ನಾನು ಮಿಷನ್ ರಿಪೇರಿ, ನೀನು ಪುಸ್ತಕ ರಿಪೇರಿ," ಎಂದು ಗಂಡ ರೇಗಿಸಿದ್ದ. "ನನ್ನದು ಕೆಟ್ಟರೆ ಸದ್ದು ಬರತ್ತೆ. ನಿನ್ನದು ಕೆಟ್ಟರೆ ಗೊತ್ತೇ ಆಗಲ್ಲ."

ನಾಳೆ ಇನ್‌ಸ್ಪೆಕ್ಟರು ಆ ರಿಜಿಸ್ಟರಿನ ಕೊನೆಯ ಸಾಲಿನ ಕೆಳಗೆ ಸಹಿ ಮಾಡಿದರೆ ವರ್ಷದ ಲೆಕ್ಕ ಮುಚ್ಚಿದಂತೆ. ಆಮೇಲೆ ಅವನು ರಸ್ತೆಯಲ್ಲಿ ಬಿದ್ದು ಸತ್ತವನೇ. ಕೆಲಸ ಮಾಡುತ್ತ ಸತ್ತ ಎನ್ನುವುದಕ್ಕೆ ಲೋಕದಲ್ಲಿ ಒಂದು ಸಾಲೂ ಉಳಿಯುವುದಿಲ್ಲ.

ಬಟ್ಟೆ ನೆನೆಹಾಕಲಿಲ್ಲ. ಚೀಲವನ್ನು ಬೀರುವಿನೊಳಗಿಟ್ಟು ಕೀಲಿ ಹಾಕಿದಳು.

"ನೀರು ಹೋಗತ್ತೆ ಕಣೇ," ಎಂದರು ಅತ್ತೆ.

"ಹೋಗಲಿ ಬಿಡಿ, ಅತ್ತೆ."

*

ರಟ್ಟಿನ ಪೆಟ್ಟಿಗೆಯ ಕಾರ್ಖಾನೆ. ಗೇಟಿನಿಂದಲೇ ಅಂಟಿನ ಹುಳಿ ವಾಸನೆ, ಉಗಿಯ ಬಿಸಿ. ಕಾವಲುಗಾರ ಭೇಟಿಯ ಚೀಟಿ ಮುಂದೆ ಹಿಡಿದ. 'ಬಂದ ಉದ್ದೇಶ' ಎನ್ನುವಲ್ಲಿ ಅವಳು 'ರಿಜಿಸ್ಟರ್' ಎಂದು ಬರೆದಳು. ಅದು ಸಾಲದು, ಪೂರ್ತಿ ಬರೆಯಿರಿ ಎಂದ. ಬರೆದಳು. ಈ ಚೀಟಿ ಹಳೆಯದು, ಹೊಸದರಲ್ಲಿ ಬರೆಯಿರಿ ಎಂದ. ಮತ್ತೆ ಬರೆದಳು. ಕಳೆದ ವಾರದವರೆಗೆ ಇದೇ ಮನುಷ್ಯ ಅವಳ ಗಂಡನ ಜೊತೆ ಟೀ ಕುಡಿಯುತ್ತಿದ್ದವನು. ಈಗ ಅವಳ ಮುಖ ನೋಡಲಿಲ್ಲ.

ಆಫೀಸಿನಲ್ಲಿ ನಲವತ್ತು ನಿಮಿಷ ಕೂರಿಸಿದರು.

ಆಮೇಲೆ ಬಂದವನು ಸ್ಕೇಲು. ಕಾರ್ಖಾನೆಯ ಗುಮಾಸ್ತ. ಏನು ಬರೆದರೂ ಕೆಳಗೊಂದು ಗೆರೆ, ಗೆರೆಗೆ ಸ್ಕೇಲೇ ಬೇಕು. ಅದಕ್ಕೇ ಆ ಹೆಸರು. ಅವನ ಮದುವೆಯ ಪತ್ರಿಕೆಗೂ ಅಡಿಗೆರೆ ಇತ್ತು ಎಂದು ಗಂಡ ಹೇಳಿ ನಗುತ್ತಿದ್ದ. ಎದೆಯವರೆಗೆ ಪುಸ್ತಕಗಳನ್ನು ಹೊತ್ತುಕೊಂಡು ಬಂದು ಮೇಜಿನ ಮೇಲಿಟ್ಟ.

"ಅಕ್ಕಾ," ಎಂದ. ಕಣ್ಣು ತುಂಬಿತ್ತು. "ಅವತ್ತು ನಾನು ರಜ. ಅಮ್ಮನಿಗೆ ಹುಷಾರಿರಲಿಲ್ಲ. ಇಲ್ಲೇ ಇದ್ದಿದ್ರೆ ಅವರ ಜೊತೇನೇ ಹೊರಡ್ತಿದ್ದೆ. ಹೀಗಾಗ್ತಿರಲಿಲ್ಲ."

"ಅಮ್ಮ ಹೇಗಿದ್ದಾರೆ ಈಗ?"

"ಯಾರು?" ಎಂದ, ತಕ್ಷಣ ಸಾವರಿಸಿಕೊಂಡ. "ಹಾಂ, ಪರವಾಗಿಲ್ಲ ಅಕ್ಕಾ."

ಏಳು ಪುಸ್ತಕ. ಅವಳ ಪಟ್ಟಿಯಲ್ಲಿ ಬರೆದ ಕ್ರಮದಲ್ಲೇ ಜೋಡಿಸಿದ್ದ. ಎಲ್ಲಕ್ಕೂ ಕಂದು ಕಾಗದದ ಹೊದಿಕೆ, ನಂಬರಿನ ಚೀಟಿ. ಮೊದಲನೆಯದು ಗಾಯದ ರಿಜಿಸ್ಟರ್.

ತೆರೆದಳು. ಚೊಕ್ಕವಾಗಿತ್ತು. ಒಂದು ಕಾಲಮೂ ಖಾಲಿಯಿಲ್ಲ. ಒಂದು ತಪ್ಪೂ ಇಲ್ಲ.

ಅದೇ ಸರಿಹೋಗಲಿಲ್ಲ.

ಐದು ತಿಂಗಳ ಹಿಂದೆ ಇದೇ ರಿಜಿಸ್ಟರನ್ನು ಅವಳು ಸಾಲುಸಾಲಾಗಿ ನೋಡಿದ್ದಳು. ಕೆಲಸ ತಪ್ಪಿದ ದಿನಗಳನ್ನು ಗಾಯವಾದ ಮರುದಿನದಿಂದ ಎಣಿಸಬೇಕು, ನಡುವಿನ ರಜೆಯ ದಿನಗಳನ್ನೂ ಸೇರಿಸಬೇಕು. ಸ್ಕೇಲು ಎರಡನ್ನೂ ತಿರುಗಾಮುರುಗಾ ಮಾಡಿದ್ದ. ಹದಿನಾಲ್ಕು ಸಾಲುಗಳಲ್ಲಿ ಹನ್ನೊಂದು ತಪ್ಪು. ಬೈದಿದ್ದಳು. ಅಳಿಸಬೇಡಿ, ಮೇಲೊಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆದು ಚಿಕ್ಕ ಸಹಿ ಹಾಕಿ ಎಂದಿದ್ದಳು. ಹನ್ನೊಂದು ಕಡೆ ಗೆರೆ ಬೀಳುವುದನ್ನು ಪಕ್ಕದಲ್ಲಿ ಕುಳಿತು ನೋಡಿದ್ದಳು.

ಈಗ ಒಂದೇ ಒಂದು ಗೆರೆಯೂ ಇರಲಿಲ್ಲ. ಒಂದೂವರೆ ವರ್ಷ ಹಿಂದಿನ ಸಾಲುಗಳಲ್ಲೂ, ಅವಳು ಈ ಕಾರ್ಖಾನೆಗೆ ಕಾಲಿಡುವ ಮುಂಚಿನ ಸಾಲುಗಳಲ್ಲೂ, ಅವಳು ಕಲಿಸಿದ ಲೆಕ್ಕವೇ ಇತ್ತು. ಯಾರೋ ಇಡೀ ಪುಸ್ತಕವನ್ನು ಹೊಸದಾಗಿ ಬರೆದಿದ್ದರು. ಬರೆಯುವಾಗ ಹಳೆಯ ತಪ್ಪುಗಳನ್ನು ನಕಲು ಮಾಡುವುದು ಮರೆತಿದ್ದರು.

ಎಣಿಸಿದಳು. ಹನ್ನೆರಡು ಸಾಲು.

ಕೈಚೀಲದಿಂದ ಪಾಠದ ದಿನದ ತನ್ನ ನೋಟ್‌ಬುಕ್ ತೆಗೆದು ತಾರೀಕುಗಳನ್ನು ಹೋಲಿಸಿದಳು. ಕಳೆದುಹೋದ ಎರಡು ಸಾಲುಗಳ ಮುಂದೆ ಅವಳೇ ಚಿಕ್ಕದಾಗಿ ಬರೆದುಕೊಂಡಿದ್ದಳು: 'ಬೆರಳು, ಮೂರನೇ ರೋಲರ್.' 'ಮತ್ತೆ ಮೂರನೇ ರೋಲರ್. ಗಾರ್ಡ್ ಸಂದು?'

ಆ ಪ್ರಶ್ನಾರ್ಥಕ ಚಿಹ್ನೆಯನ್ನು ಅವಳು ಬಹಳ ಹೊತ್ತು ನೋಡಿದಳು. ಅಂದು ಸಂಜೆ ಬಸ್ಸಿನಲ್ಲಿ ಗಂಡನಿಗೆ ಹೇಳಿದ್ದಳು, ಆ ರೋಲರಿನ ಮುಂದೆ ಕೈ ಹೋಗದಂತೆ ತಡೆಯುವ ಗಾರ್ಡು ಸರಿಯಿದೆಯಾ ಒಮ್ಮೆ ನೋಡಿ ಎಂದು. ಬಿಡುವಾದಾಗ ಅಳೆದು ನೋಡ್ತೀನಿ ಎಂದಿದ್ದ.

ಬುಧವಾರ ಅಳೆಯಲು ಹೋಗಿದ್ದ.

*

ಮ್ಯಾನೇಜರು ಎದ್ದು ನಿಂತು ಕುರ್ಚಿ ತೋರಿಸಿದರು. ಕನ್ನಡಕ ತೆಗೆದು ಒರೆಸಿದರು. "ತುಂಬಾ ಒಳ್ಳೆ ಹುಡುಗ," ಎಂದರು. "ನಮ್ಮ ಮನೆಯವನ ಹಾಗಿದ್ದ."

"ಹಳೇ ರಿಜಿಸ್ಟರ್ ಎಲ್ಲಿದೆ ಸಾರ್?"

"ಯಾವ ಹಳೇದು?"

"ಹನ್ನೊಂದು ಕಡೆ ನಾನು ಗೆರೆ ಹೊಡೆಸಿದ್ದು. ಹದಿನಾಲ್ಕು ಸಾಲು ಇದ್ದದ್ದು."

ಕನ್ನಡಕ ಮತ್ತೆ ಮೂಗಿನ ಮೇಲೆ ಕುಳಿತಿತು. "ಮೇಡಂ, ಪುಸ್ತಕ ನೀಟಾಗಿರ್ಬೇಕು ಅಂತ ಹೇಳಿದ್ದು ನೀವು. ಎರಡು ದಿನ ನಿಂತು ಹೇಳಿದ್ರಿ. ಕಾಲಂ ಖಾಲಿ ಬಿಡಬೇಡಿ, ಕಾಲಂ ಖಾಲಿ ಬಿಡಬೇಡಿ ಅಂತ. ನಮ್ಮ ಹುಡುಗ ನೀಟಾಗಿ ಬರ್ದಿದ್ದಾನೆ. ಅದೂ ತಪ್ಪಾ?"

"ಎರಡು ಸಾಲು ಕಮ್ಮಿ ಇದೆ."

"ಎಲ್ಲಿ ಬರ್ದಿದೆ ಹಾಗಂತ?"

"ನನ್ನ ನೋಟ್‌ಬುಕ್ಕಲ್ಲಿ."

"ನಿಮ್ಮ ನೋಟ್‌ಬುಕ್ಕು," ಎಂದರು ಮೆಲ್ಲಗೆ. ಸೆಳೆಖಾನೆಯಿಂದ ಒಂದು ಹಾಳೆ ತೆಗೆದು ಅವಳ ಕಡೆ ತಿರುಗಿಸಿಟ್ಟರು. ಐದು ತಿಂಗಳ ಹಿಂದಿನ ಅವಳದೇ ಪತ್ರ. 'ರಿಜಿಸ್ಟರ್ ಪರಿಶೀಲಿಸಲಾಗಿದೆ, ಕ್ರಮಬದ್ಧವಾಗಿದೆ.' ಕೆಳಗೆ ಅವಳ ಸಹಿ. "ಸರ್ಕಾರದವರು ಇದನ್ನ ನಂಬ್ತಾರೋ, ಅದನ್ನ ನಂಬ್ತಾರೋ? ಪುಸ್ತಕ ಸುಳ್ಳು ಅಂತ ನೀವಂದ್ರೆ, ಸುಳ್ಳು ಪುಸ್ತಕಕ್ಕೆ ಸಹಿ ಹಾಕಿದ್ದು ಯಾರು ಅನ್ನೋ ಮಾತು ಬರತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಗೋಡೆಯ ಫ್ಯಾನು ಒಂದು ಸುತ್ತಿಗೊಮ್ಮೆ ಕಟಕಟ ಅನ್ನುತ್ತಿತ್ತು. ಗಂಡ ಇದ್ದಿದ್ದರೆ ಮಾತಿನ ನಡುವೆಯೇ ಎದ್ದು ಅದನ್ನು ಸರಿಮಾಡುತ್ತಿದ್ದ.

"ಬುಧವಾರ ಅವರು ಎಷ್ಟು ಗಂಟೆಗೆ ಹೊರಟರು?"

"ಎರಡೂವರೆಗೆ. ಹಾಜರಿ ಪುಸ್ತಕದಲ್ಲಿದೆ. ನೋಡಿದ್ರಲ್ಲ."

"ನೋಡಿದೆ. ಅದೂ ಹೊಸದು."

"ನೋಡಮ್ಮಾ." ಮೇಡಂ ಹೋಗಿ ಅಮ್ಮ ಬಂದಿತ್ತು. "ಗಂಡಸು ಕೆಲಸ ಬಿಟ್ಟ ಮೇಲೆ ಎರಡೂವರೆ ಗಂಟೆ ಎಲ್ಲಿಗೆ ಹೋಗ್ತಾನೆ, ಏನು ಕುಡೀತಾನೆ, ನಾವು ಕೇಳಕ್ಕಾಗತ್ತಾ? ನಾನು ಯಾರ ಹತ್ರಾನೂ ಆ ಮಾತು ಎತ್ತಿಲ್ಲ. ಎತ್ತಿಸ್ಬೇಡಿ."

ಐದು ದಿನದಿಂದ ಮರಗಟ್ಟಿಹೋಗಿದ್ದ ಯಾವುದೋ ಜಾಗದಲ್ಲಿ ಸಣ್ಣಗೆ ಉರಿ ಹತ್ತಿತು. ಮುಂದೆ ಮಾಡಿದ್ದು ತಪ್ಪು ಎಂದು ಮಾಡುವಾಗಲೇ ಅವಳಿಗೆ ಗೊತ್ತಿತ್ತು. ಕೈಚೀಲಕ್ಕೆ ಕೈ ಹಾಕಿ ಗೇಜನ್ನು ತೆಗೆದು, ಹಿತ್ತಾಳೆ ಬಿಲ್ಲೆ ಮೇಲೆ ಬರುವಂತೆ ಮೇಜಿನ ಮೇಲಿಟ್ಟಳು.

"ಕುಡಿಯಕ್ಕೆ ಹೋಗೋರು ಇದನ್ನ ತಗೊಂಡು ಹೋಗ್ತಾರಾ ಸಾರ್?"

ಮ್ಯಾನೇಜರು ಅದನ್ನು ಮುಟ್ಟಲಿಲ್ಲ. ನೋಟ ಮಾತ್ರ ಮುರಿದ ಪಟ್ಟಿಯ ಮೇಲೆ ಬಿದ್ದು, ಅಲ್ಲೇ ಕಚ್ಚಿಕೊಂಡು, ಕಷ್ಟಪಟ್ಟು ಬಿಡಿಸಿಕೊಂಡಿತು.

"ಇದು ಕಾರ್ಖಾನೆ ಸ್ವತ್ತು," ಎಂದರು. "ಇಲ್ಲೇ ಬಿಟ್ಟು ಹೋಗಿ."

"ಇಲ್ಲ. ಅವರು ಸ್ಟೋರಿಂದ ತಗೊಂಡಿದ್ದು. ಸ್ಟೋರಿಗೇ ಕೊಡ್ತೀನಿ."

ಎದ್ದಳು. ಬಾಗಿಲು ದಾಟುವಾಗ ಹಿಂದೆ ಕರೆಗಂಟೆ ಕಿರುಚಿತು, ಸ್ಕೇಲನ್ನು ಕರೆಯುತ್ತಿದ್ದರು.

*

ಸ್ಟೋರು ಕಾರ್ಖಾನೆಯ ಹಿಂಭಾಗದಲ್ಲಿ, ಹಿಂದಿನ ಗೇಟಿಗೆ ಮೂವತ್ತು ಹೆಜ್ಜೆ ದೂರ. ತಂತಿಜಾಲರಿಯ ಕಿಟಕಿ, ಕಿಟಕಿಯೊಳಗೆ ಎಲ್ಲರೂ ತಾತ ಎನ್ನುವ ಸ್ಟೋರ್‌ಕೀಪರು. ಕಟ್ಟೆಯ ಮೇಲೆ ಉದ್ದನೆಯ ಪುಸ್ತಕ, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಹೊದಿಕೆಯಿಲ್ಲ. ಮೂಲೆಗಳು ಮಡಚಿ ಸುರುಳಿಯಾಗಿದ್ದವು. ಪುಟಗಳಿಗೆಲ್ಲ ಗ್ರೀಸಿನ ಬೆರಳಚ್ಚು.

ಅವಳು ಆ ಪುಸ್ತಕವನ್ನು ನೋಡುತ್ತಲೇ ನಿಂತಳು.

ಅದು ಅವಳ ಪಟ್ಟಿಯಲ್ಲಿರಲಿಲ್ಲ. ಯಾವ ಇನ್‌ಸ್ಪೆಕ್ಟರೂ ಸ್ಟೋರಿನ ಪುಸ್ತಕ ಕೇಳುವುದಿಲ್ಲ. ಅದಕ್ಕೇ ಅವಳು ಬರೆದಿರಲಿಲ್ಲ. ಅವಳು ಬರೆದ ಏಳನ್ನೂ ಅವರು ತೊಳೆದು ಮಡಿಸಿಟ್ಟಿದ್ದರು. ಎಂಟನೆಯದನ್ನು ಯಾರೂ ಮುಟ್ಟಿರಲಿಲ್ಲ.

"ಬಾ ಮಗಳೇ," ಎಂದ ತಾತ. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದ.

"ಇದನ್ನ ವಾಪಸ್ ಕೊಡಕ್ಕೆ ಬಂದೆ."

ಬಿಲ್ಲೆ ನೋಡಿ ತಾತನ ಕೈ ನಿಂತಿತು. "ಎಲ್ಲಿತ್ತು?"

"ಅವರ ಜೇಬಲ್ಲಿ. ಪುಸ್ತಕ ತೆಗೀತೀರಾ?"

ತಾತ ಹಾಳೆ ಮಗುಚಿದ. ಬುಧವಾರ. ಗಂಡನ ಕೈಬರಹ, ಆತುರದ್ದು, ಎಡಕ್ಕೆ ವಾಲಿದ್ದು. ಗೇಜು ೧೭. ಮೂರನೇ ರೋಲರ್. ಸಂಜೆ ೪-೧೦. ಸಹಿ.

ನಾಲ್ಕು ಹತ್ತು. ಎರಡೂವರೆಗೆ ಮನೆಗೆ ಹೊರಟವನು.

"ನೀವು ನೋಡಿದ್ರಾ ತಾತ ಇದನ್ನ?"

"ನಾನು ನಾಲ್ಕಕ್ಕೆ ಹೋಗ್ತೀನಿ. ಆಮೇಲೆ ಅವರವರೇ ಬರೆದು ತಗೋತಾರೆ. ನಂಬಿಕೆ." ಪೆನ್ನಿನ ದಾರವನ್ನು ಬೆರಳಿಗೆ ಸುತ್ತಿಕೊಂಡ. "ಮರುದಿನ ನೋಡ್ದೆ. ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ರಿಟೈರ್ ಆಗಕ್ಕೆ ನಾಲ್ಕು ತಿಂಗಳಿದೆ ಮಗಳೇ. ಬೈಯೋದಿದ್ರೆ ಬೈ."

ಅವಳು ಬೈಯಲಿಲ್ಲ. ಬೆರಳು ಕೆಳಗಿನ ಸಾಲಿಗೆ ಜಾರಿತ್ತು.

ಕೈಗಾಡಿ. ಸಂಜೆ ೪-೩೫. ದುಂಡಗಿನ, ಚೊಕ್ಕ ಅಕ್ಷರ. ಸಹಿಯ ಕೆಳಗೆ ಒಂದು ಗೆರೆ. ಗ್ರೀಸು ಮೆತ್ತಿದ, ಓರೆಕೋರೆ ಬರಹದ ಆ ಇಡೀ ಪುಟದಲ್ಲಿ ಸ್ಕೇಲಿಟ್ಟು ಎಳೆದ ಒಂದೇ ಒಂದು ನೇರ ಗೆರೆ.

ಅವತ್ತು ನಾನು ರಜ, ಅಕ್ಕಾ.

ಬರೆಯದೆ ಏನನ್ನೂ ಮುಟ್ಟಲಾರದ ಮನುಷ್ಯ. ಆ ಹೊತ್ತಿನಲ್ಲೂ, ಆ ಕೆಲಸಕ್ಕೂ, ಬರೆದೇ ತೆಗೆದುಕೊಂಡಿದ್ದ.

"ಕೈಗಾಡಿ ವಾಪಸ್ ಬಂತಾ ತಾತ?"

"ಬಂತು. ಮರುದಿನ ಬೆಳಗ್ಗೆ ಅದರ ಜಾಗದಲ್ಲೇ ಇತ್ತು." ತಾತ ದನಿ ತಗ್ಗಿಸಿದ. "ತೊಳೆದಿತ್ತು. ಮೂವತ್ತೆಂಟು ವರ್ಷದಿಂದ ಇಲ್ಲಿದ್ದೀನಿ, ಆ ಗಾಡೀನ ಯಾರೂ ತೊಳೆದದ್ದು ನಾನು ಕಂಡಿಲ್ಲ."

ಗೇಜು ಅವಳ ಮುಷ್ಟಿಯಲ್ಲಿ ಬೆಚ್ಚಗಾಗಿತ್ತು. ಇಟ್ಟುಕೊಳ್ಳಬಹುದು. ಇಟ್ಟುಕೊಂಡರೆ ಅದು ವಿಧವೆಯೊಬ್ಬಳ ಕೈಚೀಲದಲ್ಲಿ ಸಿಕ್ಕ ಕಾರ್ಖಾನೆಯ ಸಾಮಾನು. ಯಾರು ಏನು ಬೇಕಾದರೂ ಹೇಳಬಹುದು. ಕೊಟ್ಟರೆ, ಕೊಟ್ಟದ್ದಕ್ಕೆ ತಾರೀಕು ಬೀಳುತ್ತದೆ, ಗಂಟೆ ಬೀಳುತ್ತದೆ, ಅವಳ ಸಹಿ ಬೀಳುತ್ತದೆ. ಅವನ ಸಾಲಿನಲ್ಲೇ ಬೀಳುತ್ತದೆ.

ಫೋನು ತೆಗೆದು ಪುಟದ ಫೋಟೋ ಹೊಡೆಯಲು ನೋಡಿದಳು. ಪರದೆ ಕಪ್ಪಾಗಿತ್ತು. ಐದು ದಿನದಲ್ಲಿ ಅದನ್ನು ಚಾರ್ಜಿಗಿಡಬೇಕೆಂದು ನೆನಪಾದದ್ದು ಎರಡೇ ಸಲ. ಬೆಳಗ್ಗಿನ ಆ ಫೋನು ಉಳಿದಿದ್ದ ಚೂರನ್ನೂ ತಿಂದುಹಾಕಿತ್ತು. ಹಲ್ಲು ಕಚ್ಚಿ ಅದನ್ನು ವಾಪಸ್ ಹಾಕಿಕೊಂಡಳು.

"ತಗೊಳ್ಳಿ ತಾತ. ಎಣಿಸಿ."

ಕಟ್ಟೆಯ ಮೇಲಿಟ್ಟಳು. ತಾತ ಬೀಸಣಿಗೆ ಬಿಚ್ಚಿದಂತೆ ಬಿಚ್ಚಿ, ಹೆಬ್ಬೆರಳಿನಿಂದ ಒಂದೊಂದೇ ಪಟ್ಟಿ ಸರಿಸತೊಡಗಿದ. ಎಣಿಸದೆ ಒಂದು ಮೊಳೆಯನ್ನೂ ಒಳಗೆ ಸೇರಿಸುವವನಲ್ಲ. ಅವಳು ಪೆನ್ನು ಎತ್ತಿಕೊಂಡು ವಾಪಸ್ ಕಾಲಮಿನಲ್ಲಿ ತಾರೀಕು ಬರೆದಳು. ಬೆಳಿಗ್ಗೆ ೧೧-೫೦.

ಹಿಂದೆ ಚಪ್ಪಲಿಯ ಸದ್ದು ಓಡುತ್ತ ಬಂದು ನಿಂತಿತು.

"ತಾತ." ಸ್ಕೇಲು. ಏದುಸಿರು ಬಿಡುತ್ತಿದ್ದ. ಕಂಕುಳಲ್ಲಿ ಕಂದು ಕಾಗದದ ಹೊಸ ಪುಸ್ತಕ, ಇನ್ನೂ ಏನೂ ಬರೆಯದ್ದು. "ಸಾಹೇಬ್ರು ಸ್ಟೋರ್ ಪುಸ್ತಕ ಕೇಳ್ತಿದ್ದಾರೆ. ಹರಿದುಹೋಗಿದೆಯಂತೆ. ಹೊಸದಕ್ಕೆ ಇಳಿಸ್ಬೇಕಂತೆ. ಈಗಲೇ." ಆಮೇಲೆ ಅವಳನ್ನು ನೋಡಿದ. ಅವಳ ಬೆರಳು ಯಾವ ಸಾಲಿನ ಮೇಲಿದೆ ಎಂಬುದನ್ನೂ ನೋಡಿದ.

ಅವನ ಮುಖದಲ್ಲಿ ಕೋಪವಿರಲಿಲ್ಲ. ಐದು ದಿನದಿಂದ ನಿದ್ದೆ ಮಾಡದವನ ಮುಖ.

"ಅಕ್ಕಾ," ಎಂದ. "ಆ ಪುಸ್ತಕ ಕೊಟ್ಬಿಡಿ. ನಿಮಗೆ ಗೊತ್ತಿಲ್ಲ. ನಾನು ಗಾಡಿ ತಗೊಂಡು ಹೋದಾಗ ಅವರಿಗೆ ಇನ್ನೂ ಉಸಿ—"

ಅಲ್ಲಿಗೆ ನಿಲ್ಲಿಸಿದ. ಹೇಳಬಾರದ್ದು ಅರ್ಧ ಹೊರಬಿದ್ದಿತ್ತು. ತಾತನ ಹೆಬ್ಬೆರಳೂ ನಿಂತಿತು.

ಇನ್ನೂ.

ಅವಳು ಮೆಲ್ಲಗೆ, ಅಕ್ಷರ ಬಿಡಿಸಿ, ಗಂಡನ ಸಹಿಯ ಎದುರು ತನ್ನ ಸಹಿ ಹಾಕಿದಳು. ಪೆನ್ನು ಕೆಳಗಿಡಲಿಲ್ಲ. ಎಡಗೈಯನ್ನು ಪುಟದ ಮೇಲೆ ಚಪ್ಪಟೆಯಾಗಿ ಊರಿದಳು.

"ಹದಿಮೂರು ಪಟ್ಟಿ ಇರ್ಬೇಕು," ತಾತ ಕಷ್ಟಪಟ್ಟು ಹೇಳಿದ. "ಹನ್ನೆರಡು ಸರಿ ಇದೆ. ಒಂದು ಅರ್ಧ ಮುರಿದಿದೆ ಮಗಳೇ. ಇನ್ನರ್ಧ ಎಲ್ಲಿದೆ ಅಂತ ಬರೀಬೇಕು. ಏನಂತ ಬರೀಲಿ?"

ಅವಳು ಸ್ಕೇಲಿನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಆ ಕಾಲಂ ಖಾಲಿ ಬಿಡಿ ತಾತ," ಎಂದು ಪೆನ್ನನ್ನು ಗುಮಾಸ್ತನ ಕಡೆ ಚಾಚಿದಳು. "ಇವರು ತುಂಬ್ತಾರೆ."